ಒಲೆ ಕಲಿಸುತ್ತದೆ, ಗಲ್ಲಾ ಕಾಯಿಸುತ್ತದೆ

ಹೋಟೆಲ್ ಉದ್ಯಮಿಗಳ ಅಭಿನಂದನ ಗ್ರಂಥಗಳನ್ನು ನಾಲ್ಕಾರು ತಿರುವಿ ಹಾಕಿದವರಿಗೆ ಈ ಕಥೆ ಬಾಯಿಪಾಠ. ಊರಲ್ಲಿ ಹೊಟ್ಟೆಗಿಲ್ಲದ ಹುಡುಗ ಬಸ್ಸು ಹತ್ತುತ್ತಾನೆ. ಪಟ್ಟಣದ ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ, ಟೇಬಲ್ ಒರೆಸುತ್ತಾನೆ, ಅಕ್ಕಿ ಮೂಟೆಯ ಪಕ್ಕ ಮಲಗುತ್ತಾನೆ. ಆಮೇಲೆ ಮಾಣಿಯಾಗುತ್ತಾನೆ, ಭಟ್ಟರ ಕೈಕೆಳಗೆ ಪಳಗುತ್ತಾನೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗಲ್ಲಾ ಮೇಲೆ ಅವನೇ ಕೂತಿರುತ್ತಾನೆ. ಹೋಟೆಲ್ಲೇ ಬಡವರ ವಿಶ್ವವಿದ್ಯಾಲಯ ಎಂಬ ಮಾತಿನೊಂದಿಗೆ ಭಾಷಣ ಮುಗಿಯುತ್ತದೆ, ಹಾರ ಬೀಳುತ್ತದೆ.

ಇದೇ ಕಥೆ ಈಗ ಕಚೇರಿಯ ಭಾಷೆಗೆ ತಿರುಗಿ ಕೌಶಲ ತರಬೇತಿ ಎನಿಸಿಕೊಂಡಿದೆ. ವಲಸೆ ಬಂದವನಿಗೆ, ನೆಲೆ ಕಳೆದುಕೊಂಡವನಿಗೆ ಅಡುಗೆ ಕೆಲಸ ಕಲಿಸಿ, ಒಂದು ಪ್ರಮಾಣಪತ್ರ ಕೊಡಿ, ಮಿಕ್ಕಿದ್ದು ಅವನ ಶ್ರಮಕ್ಕೆ ಬಿಟ್ಟದ್ದು ಎಂಬ ನಂಬಿಕೆಗೆ ಈಗ ಸರ್ಕಾರ, ಸ್ವಯಂಸೇವಾ ಸಂಸ್ಥೆ, ಕಂಪನಿಗಳ ದಾನನಿಧಿ ಎಲ್ಲವೂ ತಲೆದೂಗುತ್ತವೆ. ನನ್ನ ತಕರಾರು ಈ ನಂಬಿಕೆಯೊಂದಿಗೆ. ಇದು ಹೋಟೆಲ್ ಕಂಡರಾಗದವನ ತಕರಾರಲ್ಲ. ಬೆಂಗಳೂರು–ಮೈಸೂರು ಹಳೇ ರಸ್ತೆಯ ತಟ್ಟೆ ಇಡ್ಲಿಗೆ ಒಗ್ಗಿದ ನಾಲಿಗೆಯೇ ಆಡುತ್ತಿರುವ ಮಾತು. ಒಲೆ ಮಾಡದ ಕೆಲಸದ ಕೀರ್ತಿಯನ್ನು ನಾವು ಒಲೆಗೆ ಕೊಟ್ಟುಬಿಟ್ಟಿದ್ದೇವೆ. ಆ ಕೆಲಸ ಮಾಡಿದ್ದು ಗಲ್ಲಾ, ಅಂದರೆ ಸಾಲ, ಜಾಮೀನು, ಪರವಾನಗಿ, ಬಂಧುಬಳಗ ಮತ್ತು ಭಾಷೆ. ಇದನ್ನು ಒಪ್ಪಿಕೊಳ್ಳುವ ತನಕ ನಮ್ಮ ತರಬೇತಿ ಕೇಂದ್ರಗಳು ತಯಾರಿಸುವುದು ಹೆಚ್ಚೆಂದರೆ ಒಳ್ಳೆಯ ಕೆಲಸಗಾರರನ್ನು, ಅದೂ ಬೇರೆಯವರಿಗಾಗಿ.

ಬಿಡದಿಯಿಂದಲೇ ಶುರು ಮಾಡೋಣ. ಕಾಗದದಲ್ಲಿ ಬಿಡದಿ ಇರುವ ರಾಮನಗರ ಜಿಲ್ಲೆ 2025ರಿಂದ ಬೆಂಗಳೂರು ದಕ್ಷಿಣ. ನಾಲಿಗೆಯಲ್ಲಿ ಇನ್ನೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಬಿಡದಿಯ ತಟ್ಟೆ ಇಡ್ಲಿ ಈ ರಸ್ತೆಯ ಗುರುತು. ಇಂದು ಆ ಇಡ್ಲಿಯ ಹಬೆಯ ಹಿಂದೆ ನಿಂತಿರುವ ಮುಖಗಳಲ್ಲಿ ಬಹಳಷ್ಟು ಒಡಿಶಾದವು, ಅಸ್ಸಾಮಿನವು, ಬಿಹಾರ–ಜಾರ್ಖಂಡಿನವು, ನೇಪಾಳದವು. ಅದೇ ಬಿಡದಿಯಲ್ಲಿ ಟೊಯೋಟಾ ಬಂತು, ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಸ್ಥಳೀಯ ಹುಡುಗರಿಗೆ ಐಟಿಐ ಮುಗಿಸಿ ಕಾರ್ಖಾನೆ ಸೇರುವುದು, ಇಲ್ಲವೇ ಕ್ಯಾಬ್ ಓಡಿಸುವುದು, ಹಂಡೆ ಉಜ್ಜುವುದಕ್ಕಿಂತ ಮರ್ಯಾದೆಯ ಕೆಲಸವಾಗಿ ಕಂಡಿತು. ಅವರ ಲೆಕ್ಕ ತಪ್ಪಲ್ಲ. ಖಾಲಿಯಾದ ಅಡುಗೆಮನೆಯನ್ನು ರೈಲಿನಲ್ಲಿ ಬಂದವರು ತುಂಬಿದರು.

ಹಾಗೆ ಬಂದವರು ಎಲ್ಲಿ ಕಲಿತರು? ಎಲ್ಲಿಯೂ ಇಲ್ಲ, ಇಲ್ಲಿಯೇ. ತಟ್ಟೆ ಇಡ್ಲಿ ಸುಲಭದ ತಿಂಡಿಯಲ್ಲ. ಅಕ್ಕಿ, ಉದ್ದು, ಅವಲಕ್ಕಿಯೋ ಸಬ್ಬಕ್ಕಿಯೋ ಸೇರಿದ ಹಿಟ್ಟು ಚಳಿಗಾಲದಲ್ಲಿ ಎಷ್ಟು ಹೊತ್ತಿಗೆ ಉಬ್ಬುತ್ತದೆ, ಏಪ್ರಿಲ್ ಬಿಸಿಲಲ್ಲಿ ಎಷ್ಟು ಬೇಗ ಹುಳಿಯುತ್ತದೆ, ಯಾವ ತಟ್ಟೆಗೆ ಎಷ್ಟು ಹಿಟ್ಟು ಸುರಿದರೆ ನಡುವೆ ಬೆಂದು ಅಂಚು ಒಣಗುವುದಿಲ್ಲ, ಸ್ಟ್ಯಾಂಡ್ ಹೊರತೆಗೆದ ಮೇಲೆ ಎಷ್ಟು ಆರಿದರೆ ಇಡ್ಲಿ ಹರಿಯದೆ ಎದ್ದು ಬರುತ್ತದೆ, ಇದೆಲ್ಲ ಕೈಗೆ ಹತ್ತಬೇಕಾದ ವಿದ್ಯೆ. ಭದ್ರಕ್‌ನಿಂದಲೋ ಬರ್ಪೇಟಾದಿಂದಲೋ ಬಂದವನಿಗೆ ಊರಲ್ಲಿದ್ದಾಗ ತಟ್ಟೆ ಇಡ್ಲಿ ಎಂಬುದೊಂದಿದೆ ಎಂದೇ ಗೊತ್ತಿರುವುದಿಲ್ಲ. ಕೆಲವು ತಿಂಗಳಲ್ಲಿ ಅವನು ಹಿಟ್ಟನ್ನು ಬೆರಳಿಂದ ಮುಟ್ಟಿ ಹೇಳಬಲ್ಲ. ಪಕ್ಕದ ದರ್ಶಿನಿಯಲ್ಲಿ ದೋಸಾ ಮಾಸ್ಟರ್ ಆದವನು, ಢಾಬಾದಲ್ಲಿ ರೋಟಿ ತಟ್ಟುವವನು, ಸಂಜೆ ಗಾಡಿಯಲ್ಲಿ ಗೋಬಿ ಹುರಿಯುವವನು, ಎಲ್ಲರದೂ ಇದೇ ದಾರಿ. ಅಂದಮೇಲೆ ವಲಸಿಗನಿಗೆ ಕೌಶಲದ ಕೊರತೆ ಇದೆ ಎಂಬ ಮೊದಲ ಊಹೆಯೇ ಇಲ್ಲಿ ಸುಳ್ಳಾಗುತ್ತದೆ. ಇದು ಅಡುಗೆ ತರಬೇತಿ ಪುಕ್ಕಟೆಯಾಗಿ, ಬಿಡುವಿಲ್ಲದೆ ನಡೆಯುತ್ತಿರುವ ರಸ್ತೆ. ಆದರೂ ಆ ಕಲಿತವರಲ್ಲಿ ಎಷ್ಟು ಜನರ ಹೆಸರು ಹೋಟೆಲಿನ ಬೋರ್ಡಿನ ಮೇಲೆ ಬಂದಿದೆ? ಕಲಿತು ವರ್ಷಗಳಾದ ಮೇಲೂ ಅವರು ಒಲೆಯ ಮುಂದೆಯೇ ಇದ್ದಾರೆ ಎಂದರೆ ತಡೆ ಕಲಿಕೆಯಲ್ಲಿಲ್ಲ.

ಇಲ್ಲಿ ಒಂದು ಗೊಣಗಾಟಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇನೆ. ಹೊರಗಿನವರ ಕೈಗೆ ಹೋದ ಮೇಲೆ ತಟ್ಟೆ ಇಡ್ಲಿಯ ರುಚಿ ಕೆಟ್ಟಿತು ಎಂದು ಹಲುಬುವವರಿದ್ದಾರೆ. ಕೆಲವು ಕಡೆ ರುಚಿ ಕೆಟ್ಟಿರುವುದು ನಿಜ. ಆದರೆ ಅಕ್ಕಿಯ ದರ್ಜೆ ಇಳಿಸಿದ್ದು, ಉದ್ದಿನ ಪಾಲು ಕಡಿಮೆ ಮಾಡಿದ್ದು, ಬೆಣ್ಣೆಯ ಜಾಗಕ್ಕೆ ಬೇರೇನೋ ತಂದದ್ದು, ಹುಳಿ ಬರುವುದಕ್ಕೆ ಮೊದಲೇ ಸೋಡಾ ಹಾಕಿ ಉಬ್ಬಿಸಲು ಹೇಳಿದ್ದು ಅಸ್ಸಾಮಿನ ಹುಡುಗನಲ್ಲ. ಸಾಮಾನು ಚೀಟಿ ಬರೆಯುವವನು ಗಲ್ಲಾ ಮೇಲಿರುತ್ತಾನೆ. ಕೈಗೆ ದೂರು ಹೊರಿಸಿ ಚೀಟಿಯನ್ನು ಬಿಟ್ಟುಬಿಡುವುದು ವಿಮರ್ಶೆಯಲ್ಲ, ಅನುಕೂಲ.

ಈಗ ಲೋಟ ತೊಳೆದವನು ಗಲ್ಲಾ ಏರುವ ಆ ಪುರಾಣಕ್ಕೆ ಬರುತ್ತೇನೆ. ಉಡುಪಿ ಹೋಟೆಲಿನ ಇತಿಹಾಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಕಡಂದಲೆಯಿಂದ ಹೋಗಿ ಮದ್ರಾಸಿನ ಅಡುಗೆಮನೆಯ ಕೆಳಗಿನ ಕೆಲಸದಿಂದ ಶುರು ಮಾಡಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರದು ದೊಡ್ಡ ಸಾಧನೆಯೇ. ಆದರೆ ಅಂಥ ಜೀವನಗಳನ್ನು ನಾವು ಓದುವ ರೀತಿ ಸೋಮಾರಿತನದ್ದು. ಎಂಟಿಆರ್‌ನ ಕಥೆ ನೋಡಿ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಪರಮೇಶ್ವರ ಮಯ್ಯರು, ಅವರ ಸಹೋದರರು ಬೆಂಗಳೂರಿನ ದೊಡ್ಡವರ ಮನೆಗಳಲ್ಲಿ ಅಡುಗೆಗಿದ್ದರು. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಶುರುವಾದದ್ದು ಕೆಲಸಕ್ಕಿದ್ದ ಮನೆಯ ಯಜಮಾನರು ನೆರವಿಗೆ ನಿಂತದ್ದರಿಂದ. ನಾವು ನೆನಪಿಟ್ಟಿರುವುದು ಮಯ್ಯರ ಕೈರುಚಿಯನ್ನು, ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ಹುಟ್ಟಿದ ರವೆ ಇಡ್ಲಿಯನ್ನು. ಮರೆತಿರುವುದು ಆ ಯಜಮಾನರನ್ನು, ಜೊತೆಗಿದ್ದ ಅಣ್ಣತಮ್ಮಂದಿರನ್ನು ಮತ್ತು ಆ ಮೊದಲ ಬೋರ್ಡಿನ ಮೇಲಿದ್ದ ಜಾತಿಯ ಹೆಸರನ್ನು. ಈ ಮೂರರಲ್ಲಿ ಯಾವುದೂ ಪಠ್ಯಕ್ರಮದಲ್ಲಿ ಹಿಡಿಯುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಕಥೆಯೂ ಬೇರೆಯಲ್ಲ. 1943ರಲ್ಲಿ ಉರಾಳರು ತೆರೆದದ್ದು, 1970ರಲ್ಲಿ ಅಡಿಗರ ಕೈಗೆ ಬಂತು. ಅಂಗಡಿ ಕೈ ಬದಲಾದರೂ ಕರಾವಳಿಯ ಬಳಗದ ಒಳಗೇ ಉಳಿಯಿತು. ಕಾಲ ಬದಲಾದ ಹಾಗೆ ಹೋಟೆಲು ದಾಟಿಸಿಕೊಡುವ ಈ ನಂಬಿಕೆಯ ಜಾಲವೇ ಉಡುಪಿ ಹೋಟೆಲಿನ ನಿಜವಾದ ಬಂಡವಾಳ.

ಜಾತಿಯ ಬಾಗಿಲು ಆಮೇಲೆ ತೆರೆಯಿತಲ್ಲ, ಬಂಟರು, ಬಿಲ್ಲವರು, ಮೊಗವೀರರು ಮುಂಬೈಯ ಹೋಟೆಲುಗಳಲ್ಲಿ ಮೇಲೆ ಬರಲಿಲ್ಲವೇ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ, ನನ್ನ ವಾದಕ್ಕೇ ಆಧಾರ ಒದಗಿಸುವ ಪ್ರಶ್ನೆ. ಅವರು ಮೇಲೆ ಬಂದದ್ದು ಭಟ್ಟರ ಅಡುಗೆಮನೆಯಲ್ಲಿ ಕಲಿತಷ್ಟರಿಂದಲೇ ಅಲ್ಲ. ಪ್ರತಿ ಸಮುದಾಯವೂ ತನ್ನದೇ ಸಂಘ ಕಟ್ಟಿತು, ಸಂಘದ ಸುತ್ತ ಸಾಲ, ಜಾಮೀನು, ಶಿಫಾರಸುಗಳ ವ್ಯವಸ್ಥೆ ಬೆಳೆಯಿತು. ಎಲ್ಲಕ್ಕಿಂತ ಮಿಗಿಲಾಗಿ ರಾತ್ರಿ ಶಾಲೆಗಳಿದ್ದವು. ಹಗಲು ಟೇಬಲ್ ಒರೆಸಿದ ಹುಡುಗ ರಾತ್ರಿ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಓದುವಂತೆ ಮುಂಬೈ ಕನ್ನಡಿಗರು ನಡೆಸಿದ ಶಾಲೆಗಳು ನಮ್ಮ ವಲಸೆಯ ಚರಿತ್ರೆಯಲ್ಲೇ ಹೆಮ್ಮೆಯ ಅಧ್ಯಾಯ. ಆ ಶಾಲೆಗಳಲ್ಲಿ ಸಾಂಬಾರು ಮಾಡುವುದನ್ನು ಹೇಳಿಕೊಡುತ್ತಿರಲಿಲ್ಲ. ಗಣಿತ, ಇಂಗ್ಲಿಷ್, ಲೆಕ್ಕ ಬರೆಯುವುದು, ಅರ್ಜಿ ಬರೆಯುವುದು. ಹೋಟೆಲಿನ ಹುಡುಗನನ್ನು ಹೋಟೆಲಿನಿಂದ ಹೊರಗೆ ಕರೆದೊಯ್ಯಬಲ್ಲ ಶಿಕ್ಷಣವೇ ಅವನನ್ನು ಅದರ ಮಾಲೀಕನನ್ನಾಗಿಯೂ ಮಾಡಿತು. ಇದು ಇಂದಿನ ಕೌಶಲ ಪಂಡಿತರಿಗೆ ಅರ್ಥವಾಗದ ಸಂಗತಿ. ಅವರ ಲೆಕ್ಕದಲ್ಲಿ ಅಡುಗೆಯವನಿಗೆ ಅಡುಗೆ ಬಿಟ್ಟು ಬೇರೆ ಕಲಿಸುವುದು ಖರ್ಚು.

ಈ ಏಣಿ ಯಾರನ್ನು ಹತ್ತಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ದಲಿತರು ಆ ಒಲೆಯ ಹತ್ತಿರ ಬರುವ ಹಾಗಿರಲಿಲ್ಲ. ಹೆಂಗಸರು ಮನೆಯಲ್ಲಿ ಎಷ್ಟೇ ಬೇಯಿಸಿದರೂ ಹೋಟೆಲಿನ ಕಥೆಯಲ್ಲಿಲ್ಲ. ಇಂದಿಗೂ ಕನಕಪುರದ, ಮಾಗಡಿಯ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಮಾಡುವ ಹೆಂಗಸರು ದಿನವೂ ನೂರಾರು ಮಕ್ಕಳಿಗೆ ಅಳತೆ ತಪ್ಪದೆ, ಹೊತ್ತು ಮೀರದೆ ಬಡಿಸುತ್ತಾರೆ. ಯಾವ ಕೇಟರಿಂಗ್ ಕಾಲೇಜಿನ ವಿದ್ಯಾರ್ಥಿಗೂ ಇದು ಕಷ್ಟದ ಪರೀಕ್ಷೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೌಶಲ ಇದ್ದರೆ ದಾರಿ ತಾನಾಗಿ ತೆರೆಯುತ್ತದೆ ಎನ್ನುವವರು ಇವರ ಮುಂದೆ ನಿಂತು ಆ ಮಾತು ಹೇಳಿ ನೋಡಲಿ.

ನಿರಾಶ್ರಿತರ ವಿಷಯಕ್ಕೆ ಬಂದರೆ ಇದೇ ತಪ್ಪು ಇನ್ನಷ್ಟು ಹೊಳಪಿನಿಂದ ಮರುಕಳಿಸುತ್ತದೆ. ಪೇಶಾವರದ ತಂದೂರು 1947ರಲ್ಲಿ ದೆಹಲಿಯ ದರಿಯಾಗಂಜಿಗೆ ಬಂದು ಮೋತಿ ಮಹಲ್ ಆದದ್ದು, ಅಲ್ಲಿಂದ ಭಾರತದ ಊಟದ ಪಟ್ಟಿಯನ್ನೇ ಬದಲಿಸಿದ್ದು ಎಲ್ಲರಿಗೂ ಗೊತ್ತಿದೆ. ಚನ್ನಪಟ್ಟಣ ದಾಟಿದ ಮೇಲೆ ಕಾಣುವ ಪಂಜಾಬಿ ಢಾಬಾ ಕೂಡ ಆ ವಂಶದ್ದೇ, ಅದರ ಮಾಲೀಕ ಗೌಡರಾದರೂ, ರೋಟಿ ತಟ್ಟುವವನು ಬಿಹಾರಿಯಾದರೂ. ಈ ಕಥೆಯ ನೀತಿ ಎಂದು ನಮಗೆ ಹೇಳುವುದು ನಿರಾಶ್ರಿತನ ಕೈರುಚಿ ಜಗತ್ತು ಗೆದ್ದಿತು ಎಂದು. ಆದರೆ ವಿಭಜನೆಯಲ್ಲಿ ಬಂದವನಿಗೆ ತಂದೂರಿಗಿಂತ ಮುಖ್ಯವಾಗಿ ಸಿಕ್ಕಿದ್ದು ಪೌರತ್ವ. ಸಂವಿಧಾನದ 6ನೇ ವಿಧಿ ಅವನಿಗಾಗಿಯೇ ಇದೆ. ಪುನರ್ವಸತಿ ಇಲಾಖೆ, ಸಾಲ, ಪಾಕಿಸ್ತಾನದಲ್ಲಿ ಬಿಟ್ಟುಬಂದ ಆಸ್ತಿಗೆ ಪರಿಹಾರ ಇವೆಲ್ಲ ಆ ತಂದೂರಿನ ಅಡಿಯ ಇಟ್ಟಿಗೆಗಳು. ಇನ್ನೊಂದು ತಮಾಷೆ ನೋಡಿ. ಬಟರ್ ಚಿಕನ್ ಮೊದಲು ಮಾಡಿದವರು ಯಾರು ಎಂದು ಆ ಹೋಟೆಲಿನ ಪಾಲುದಾರರ ವಾರಸುದಾರರು 2024ರಿಂದ ದೆಹಲಿ ಹೈಕೋರ್ಟಿನಲ್ಲಿ ಜಗಳವಾಡುತ್ತಿದ್ದಾರೆ. ಅಡುಗೆ ಎಲ್ಲರಿಗೂ ಬರುತ್ತದೆ, ಈಗ ಬೆಲೆ ಇರುವುದು ಹೆಸರಿಗೆ.

ಅದೇ ಕಾಲದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅದರ ಹಿಂದಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರು ಫರೀದಾಬಾದ್ ಊರನ್ನು ತಾವೇ ಕಟ್ಟಿಕೊಳ್ಳಬೇಕು, ಕೂಲಿಗಳಾಗಿ ಅಲ್ಲ, ಸಹಕಾರ ಸಂಘದ ಸದಸ್ಯರಾಗಿ ಎಂಬುದು ಅವರ ಹಟ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿದ್ದು ಇಂಥ ಕೆಲಸಕ್ಕೆ. ಆ ಪ್ರಯೋಗ ಅಧಿಕಾರಿಗಳ ಕೈಗೆ ಹೋಗಿ ಸೊರಗಿತು. ಆದರೂ ಅವರು ಕೇಳಿದ ಪ್ರಶ್ನೆಯನ್ನು ನಾವು ಇಂದು ಕೇಳುವುದನ್ನೇ ಬಿಟ್ಟಿದ್ದೇವೆ. ಕಲಿತ ಕೆಲಸದ ಫಲ ಯಾರ ಹೆಸರಿಗೆ ಜಮೆಯಾಗುತ್ತದೆ? ಕಮಲಾದೇವಿಯವರನ್ನು ಕರಕುಶಲ ವಸ್ತುಗಳ ಅಕ್ಕರೆಯ ಪೋಷಕಿಯಾಗಿ ಮಾತ್ರ ನೆನೆಯುವ ಕನ್ನಡಿಗರು ಈ ಕಟು ಪ್ರಶ್ನೆಯ ಕಮಲಾದೇವಿಯನ್ನು ಎಲ್ಲೋ ಬಿಟ್ಟಿದ್ದಾರೆ.

ಕರ್ನಾಟಕದೊಳಗೆ ನಿರಾಶ್ರಿತರು ಎಂದರೆ ನಮಗೆ ಬೈಲಕುಪ್ಪೆ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟನ್ನರಿಗೆ ಕೊಟ್ಟದ್ದು ತರಬೇತಿಯನ್ನಲ್ಲ, ಜಮೀನನ್ನು. ಕಾಡು ಕಡಿದು ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಮೊಮೊ ಮಾಡಿ ಬದುಕಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಆದರೂ ಮೊಮೊ ಇಂದು ರಾಮನಗರದ ಗಾಡಿಗಳವರೆಗೂ ಬಂದಿದೆ, ಅದನ್ನು ಮಾರುತ್ತಿರುವವರಲ್ಲಿ ಹೆಚ್ಚಿನವರು ಟಿಬೆಟನ್ನರಲ್ಲ. ತಿಂಡಿ ಹರಡುವುದು ಒಂದು, ತಿಂಡಿ ಮಾಡಿದವರು ಏಳುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡಿರುವ ಆಹಾರ ಬರಹಗಾರರ ದೊಡ್ಡ ಪಡೆಯೇ ನಮ್ಮಲ್ಲಿದೆ.

ಇನ್ನು ನಮ್ಮ ಜಿಲ್ಲೆಗೇ ಸೇರಿದ ಆಧಾರ. ಹೊರಗಿನ ಕಸುಬನ್ನು ಒಳಗಿನದಾಗಿ ಮಾಡಿಕೊಳ್ಳುವುದನ್ನು ರಾಮನಗರ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಚನ್ನಪಟ್ಟಣದ ಅರಗಿನ ಬೊಂಬೆಗೆ ಟಿಪ್ಪು ಕರೆಸಿದ ಪರ್ಷಿಯಾದ ಕುಶಲಕರ್ಮಿಗಳು ಮೂಲ ಎಂದು ಜನ ಹೇಳುತ್ತಾರೆ. ಆಮೇಲೆ ಅದಕ್ಕೆ ಜಪಾನಿನ ವಿಧಾನಗಳನ್ನು ತಂದವರು ಬಾವಾಸ್ ಮಿಯಾ. ಆದರೆ ನನಗೆ ಬೊಂಬೆಗಿಂತ ರೇಷ್ಮೆ ಮುಖ್ಯ. ಮೈಸೂರು ಸಂಸ್ಥಾನ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿ 1910ರ ದಶಕದಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ಮಾಡಿಸಿತು. ಅಲ್ಲಿಗೆ ನಿಲ್ಲಲಿಲ್ಲ. ಮಾಗಡಿ, ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ಗೂಡು, ಚನ್ನಪಟ್ಟಣದಲ್ಲಿ ತರಬೇತಿ, ಬಿತ್ತನೆ ಕೋಠಿ, ಚಾಕಿ ಕೇಂದ್ರ, ರಾಮನಗರ ಮತ್ತು ಕನಕಪುರದಲ್ಲಿ ಗೂಡಿನ ಮಾರುಕಟ್ಟೆ, ಇದೆಲ್ಲಕ್ಕೂ ಮೇಲೆ 1959ರ ರೇಷ್ಮೆ ಕಾಯಿದೆ. ರಾಮನಗರದ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ನಾವು ಹೆಮ್ಮೆಪಡುತ್ತೇವಲ್ಲ, ಹೆಮ್ಮೆಪಡಬೇಕಾದ್ದು ಗಾತ್ರಕ್ಕಲ್ಲ. ಯಾವುದೋ ಹಳ್ಳಿಯಿಂದ ಗೂಡಿನ ಲಾಟು ತಂದ ರೈತನಿಗೆ ಇಲ್ಲಿ ಪರಿಚಯದವರು ಬೇಕಾಗಿಲ್ಲ. ಬಹಿರಂಗ ಹರಾಜು ಇದೆ, ಸರ್ಕಾರಿ ತೂಕ ಇದೆ, ಬಿಡ್ ಹಾಕುವ ನೂಲು ಬಿಚ್ಚಾಣಿಕೆದಾರನಿಗೆ ಲೈಸೆನ್ಸ್ ಇದೆ. ಬಂಧುಬಳಗ ಕೊಡುವ ನಂಬಿಕೆಯನ್ನು ಇಲ್ಲಿ ಸಂಸ್ಥೆ ಕೊಡುತ್ತದೆ. ಸೊಪ್ಪು ಕೊಯ್ಯುವುದನ್ನೂ ಹುಳು ಸಾಕುವುದನ್ನೂ ಕಲಿಸಿ, ಗೂಡನ್ನು ನೀನೇ ಎಲ್ಲಾದರೂ ಮಾರಿಕೋ ಎಂದು ರೇಷ್ಮೆ ಇಲಾಖೆ ಕೈಕೊಡವಿದ್ದರೆ ಈ ಜಿಲ್ಲೆಯಲ್ಲಿ ರೇಷ್ಮೆ ಉಳಿಯುತ್ತಿರಲಿಲ್ಲ. ಅಡುಗೆ ತರಬೇತಿಯಲ್ಲಿ ನಾವು ಮಾಡುತ್ತಿರುವುದು ಹಾಗೆ ಕೈಕೊಡವುವುದನ್ನೇ.

ರೇಷ್ಮೆಯನ್ನು ಹೊಗಳಿ ಸುಮ್ಮನಾಗುವುದು ಅಪ್ರಾಮಾಣಿಕತೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಮಾಡಿದಾಗ ಅದರಲ್ಲಿ ನಮ್ಮ ರಾಮನಗರವೂ ಇತ್ತು. ಕುದಿಯುವ ನೀರಿನ ಬಾಣಲೆಗೆ ಬೆರಳು ಹಾಕಿ ಎಳೆ ಹುಡುಕುತ್ತಿದ್ದ ಮಕ್ಕಳನ್ನು ಆ ಮಾರುಕಟ್ಟೆಯ ಯಾವ ಹರಾಜೂ ಕಾಪಾಡಲಿಲ್ಲ. ಏಕೆಂದರೆ ವ್ಯವಸ್ಥೆ ಕಂಡದ್ದು ಲೈಸೆನ್ಸಿನ ಮೇಲೆ ಹೆಸರಿದ್ದವರನ್ನು ಮಾತ್ರ. ನನ್ನ ವಾದ ಇದರಿಂದ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಹೆಸರು ಎಲ್ಲಿ ದಾಖಲಾಗುತ್ತದೋ ಅಲ್ಲಿಯವರೆಗೆ ಮಾತ್ರ ರಕ್ಷಣೆ ಹರಿಯುತ್ತದೆ. ಬಿಡದಿಯ ಅಡುಗೆಮನೆಯಲ್ಲಿ ಹೆಸರು ದಾಖಲಾಗಿರುವುದು ಎಷ್ಟು ಜನರದು?

ಇದರ ಫಲವನ್ನು ನಾವು ಕಂಡಿದ್ದೇವೆ. 2020ರ ಮೇ ತಿಂಗಳಲ್ಲಿ ವಲಸೆ ಕಾರ್ಮಿಕರ ಶ್ರಮಿಕ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಕೆಲಸಗಾರ ಊರಿಗೆ ಹೋಗಿಬಿಟ್ಟರೆ ಕೆಲಸ ನಿಲ್ಲುತ್ತದೆ ಎಂಬ ಚಿಂತೆ ಅಲ್ಲಿತ್ತು, ಕೆಲಸ ನಿಂತರೆ ಅವನ ಗತಿಯೇನು ಎಂಬುದು ಆಮೇಲಿನ ಮಾತಾಯಿತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ ಬಿಡದಿ, ರಾಮನಗರ, ಚನ್ನಪಟ್ಟಣಗಳಿಗೆ ಬೈಪಾಸ್ ಬಿದ್ದಾಗ ಹಳೇ ರಸ್ತೆಯ ಹೋಟೆಲುಗಳ ವ್ಯಾಪಾರ ಕುಸಿಯಿತು. ಆಗ ನಾನು ಓದಿದ ವರದಿಗಳಲ್ಲೆಲ್ಲ ಮಾತಾಡಿದವರು ಮಾಲೀಕರು. ಅವರ ನಷ್ಟ ನಿಜ. ಆದರೆ ವ್ಯಾಪಾರ ಇಳಿದಾಗ ಮೊದಲು ಇಳಿಯುವುದು ಅಡುಗೆಮನೆಯ ತಲೆಗಳ ಸಂಖ್ಯೆ. ಆ ತಲೆಗಳಿಗೆ ವರದಿಯಲ್ಲಿ ಬಾಯಿ ಇರಲಿಲ್ಲ.

ಹಾಗಾದರೆ ತರಬೇತಿಯೇ ಬೇಡವೇ? ಹಾಗೆ ಹೇಳುತ್ತಿಲ್ಲ. ತರಬೇತಿಯ ಪರವಾಗಿ ಇರುವ ಒಳ್ಳೆಯ ವಾದವನ್ನೇ ಎತ್ತಿಕೊಳ್ಳುತ್ತೇನೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಮ್ಮಾಸ್ ಟಾರ್ಚ್ ಎಂಬ ಸಂಸ್ಥೆ ನಿರಾಶ್ರಿತರಿಗೆ ಅಡುಗೆ ಕಲಿಸುತ್ತದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠದಲ್ಲಿರುವ ಕವಿತೆ ಬರೆದ ಎಮ್ಮಾ ಲಜಾರಸ್ ಅವರ ನೆನಪಿನ ಹೆಸರು. ಅದನ್ನು ಮೆಚ್ಚಿ ಬರೆಯುವವರು ಹೃದಯಸ್ಪರ್ಶಿ ಎಂಬ ಪದ ಬಳಸುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಕಲಿಯುವ ಅವಧಿಗೂ ಅಲ್ಲಿ ಸಂಬಳ ಇದೆ, ಅಡುಗೆಯ ಜೊತೆಗೆ ಇಂಗ್ಲಿಷ್ ಇದೆ, ಕೆಲಸ ಹುಡುಕಿಕೊಡುವ ಹೊಣೆ ಇದೆ ಎಂಬುದು. ಅಂದರೆ ಅವರೂ ಗಲ್ಲಾದ ಕಡೆಗೆ ಒಂದೆರಡು ಹೆಜ್ಜೆ ಇಟ್ಟಿದ್ದಾರೆ. ನಾವು ಅನುಕರಿಸುವಾಗ ಏಪ್ರನ್, ಟೋಪಿ, ಪ್ರಮಾಣಪತ್ರ ವಿತರಣೆಯ ಫೋಟೊ ಇಷ್ಟನ್ನು ಇಟ್ಟುಕೊಂಡು ಸಂಬಳವನ್ನು ಕೈಬಿಡುತ್ತೇವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹುನರ್ ಸೆ ರೋಜ್‌ಗಾರ್ ತಕ್ ಯೋಜನೆಯಲ್ಲಿ ಅಲ್ಪಸ್ವಲ್ಪ ಭತ್ಯೆಯಾದರೂ ಇತ್ತು. ಆದರೆ ತಿಂಗಳ ಕೊನೆಗೆ ಊರಿಗೆ ಹಣ ಕಳಿಸಲೇಬೇಕಾದವನಿಗೆ ವಾರಗಟ್ಟಲೆ ಭತ್ಯೆಯ ಮೇಲೆ 'ಗುಡ್ ಮಾರ್ನಿಂಗ್ ಸರ್' ಕಲಿಯುತ್ತ ಕೂರಲು ಆಗುವುದಿಲ್ಲ. ಅವನಿಗೆ ಇಲ್ಲಿ ಬೇಕಾಗಿರುವುದು ಆ ಇಂಗ್ಲಿಷೂ ಅಲ್ಲ. ದಿನಸಿ ಅಂಗಡಿಯ ಶೆಟ್ಟರ ಜೊತೆ ಬಾಕಿ ಮಾತಾಡಲು, ಪುರಸಭೆಯ ಕಿಟಕಿಯಲ್ಲಿ ಅರ್ಜಿ ತುಂಬಲು, ಮಳಿಗೆಯ ಯಜಮಾನನನ್ನು 'ಅಡ್ವಾನ್ಸ್ ಸ್ವಲ್ಪ ಕಡಿಮೆ ಮಾಡ್ಕೊಳಿ ಸ್ವಾಮಿ' ಎಂದು ಕೇಳಲು ಬೇಕಾಗಿರುವುದು ಕನ್ನಡ.

ಇಲ್ಲಿ ಕನ್ನಡಪರ ಗೆಳೆಯರ ಜೊತೆಗೂ ನನ್ನ ಜಗಳವಿದೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲು ಮಸೂದೆಯನ್ನು ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿಯಿತು. ಆಗಿನ ಕೂಗಾಟದಲ್ಲಿ ಹೋಟೆಲಿನ ಹಿಂದಿನ ಬಾಗಿಲಿನ ಕೆಲಸವನ್ನು ಸ್ಥಳೀಯರಿಗೆ ಕೊಡಿ ಎಂದು ಯಾರೂ ಕೇಳಲಿಲ್ಲ, ಆ ಸಂಬಳಕ್ಕೆ ಆ ಹೊತ್ತುಗಳಲ್ಲಿ ಯಾರೂ ಬರುವುದಿಲ್ಲವಲ್ಲ. ಮುಂಬೈಯಲ್ಲಿ ನಮ್ಮ ಹುಡುಗರಿಗೆ ರಾತ್ರಿ ಶಾಲೆ ಬೇಕಾಗಿತ್ತು ಎಂದು ಅಭಿಮಾನದಿಂದ ಹೇಳುವವರು ಬಿಡದಿಯಲ್ಲಿ ಇವರಿಗೆ ಒಂದು ಕನ್ನಡ ರಾತ್ರಿ ಶಾಲೆ ಯಾಕೆ ತೆರೆಯಬಾರದು? ಕನ್ನಡ ಕಲಿಯುವುದಿಲ್ಲ ಎಂದು ಬೈಯುವುದಕ್ಕಿಂತ ಕಲಿಸುವುದು ಅಗ್ಗ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವೆ ಹೋಟೆಲ್ ಕೆಲಸಗಾರನಿಗೆ ಸಿಗುವ ಬಿಡುವಿನಲ್ಲಿ ನಡೆಸಿದರೂ ಆದೀತು. ರಾತ್ರಿಯೇ ಆಗಬೇಕೆಂದಿಲ್ಲ.

ವಲಸಿಗರಿಗೆ ಮಾಲೀಕರಾಗುವ ಆಸೆಯೇ ಇಲ್ಲ, ಊರಲ್ಲಿ ಮನೆ ಕಟ್ಟುವಷ್ಟು ದುಡಿದು ಹೋಗುತ್ತಾರೆ ಎಂದು ಮಾಲೀಕರೊಬ್ಬರಲ್ಲ, ಅನೇಕರು ಹೇಳುತ್ತಾರೆ. ಬಹಳ ಜನರ ಮಟ್ಟಿಗೆ ಇದು ನಿಜ, ಅವರನ್ನು ಬಲವಂತವಾಗಿ ಉದ್ಯಮಿ ಮಾಡುವುದು ನನ್ನ ಉದ್ದೇಶವಲ್ಲ. ಅವರಿಗೆ ವಾರದ ರಜೆ, ಹೊತ್ತಿಗೆ ಸಂಬಳ, ಮಲಗಲು ಹಿಟ್ಟಿನ ಕೋಣೆಯಲ್ಲದ ಒಂದು ಜಾಗ ಸಿಕ್ಕರೆ ಅದೇ ಸಾಕು. ಆದರೆ ಉಡುಪಿ ಹೋಟೆಲು ನಡೆಸಿದ ಕುಂದಾಪುರದವರೂ ಊರಲ್ಲಿ ಮನೆ ಕಟ್ಟಿದವರೇ, ದೇವಸ್ಥಾನಕ್ಕೆ ಗೋಪುರ ಕಟ್ಟಿಸಿದವರೇ. ಊರಿಗೆ ಹಣ ಕಳಿಸುವುದಕ್ಕೂ ಇಲ್ಲಿ ಅಂಗಡಿ ಇಡುವುದಕ್ಕೂ ವಿರೋಧವಿದ್ದರೆ ಉಡುಪಿ ಹೋಟೆಲ್ ಹುಟ್ಟುತ್ತಲೇ ಇರಲಿಲ್ಲ.

ಅಂಗಡಿ ಇಡಬಯಸುವ ಒಬ್ಬ ಒಡಿಶಾದ ಇಡ್ಲಿ ಮಾಸ್ಟರ್ ಇದ್ದಾನೆಂದುಕೊಳ್ಳಿ. ಆಹಾರ ಸುರಕ್ಷತಾ ನೋಂದಣಿಗೆ ವಿಳಾಸದ ದಾಖಲೆ ಬೇಕು, ಅವನ ವಿಳಾಸ ಹೋಟೆಲಿನ ಮಹಡಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯಿದೆಯಡಿ ಪುರಸಭೆಯ ಗುರುತಿನ ಚೀಟಿ ಸಿಕ್ಕರೆ 2020ರಲ್ಲಿ 10,000 ರೂಪಾಯಿಯಿಂದ ಶುರುವಾದ ಸ್ವನಿಧಿ ಸಾಲ ಸಿಗುತ್ತದೆ. ಆದರೆ ಆ ಗುರುತಿನ ಚೀಟಿಗಾಗಿ ಸಮೀಕ್ಷೆ ನಡೆಯುವ ಹೊತ್ತಿಗೆ ಅವನು ಗಾಡಿಯ ಹಿಂದೆ ನಿಂತಿರಬೇಕು, ಗಾಡಿ ಕೊಳ್ಳುವುದಕ್ಕೇ ಅವನಿಗೆ ಸಾಲ ಬೇಕು. ಊರಿನ ಚೀಟಿ ವ್ಯವಹಾರಕ್ಕೆ ಸೇರಲು ಜಾಮೀನು ನಿಲ್ಲುವವರು ಬೇಕು. ಇವುಗಳಲ್ಲಿ ಒಂದೊಂದಕ್ಕೂ ಉಡುಪಿಯ ಹುಡುಗನಿಗೆ ಒಬ್ಬ ಮಾವನಿದ್ದ. ಗೂಡು ಮಾರುಕಟ್ಟೆ ಕಟ್ಟಿದ ಸರ್ಕಾರಕ್ಕೆ ಆ ಮಾವನ ಕೆಲಸವನ್ನು ಸಂಸ್ಥೆಯ ಮೂಲಕ ಮಾಡುವುದು ಅಸಾಧ್ಯವಲ್ಲ. ಬೈಪಾಸಿನಿಂದ ಖಾಲಿಯಾದ ಹಳೇ ರಸ್ತೆಯಲ್ಲೇ ಕಡಿಮೆ ಬಾಡಿಗೆಯ ಮಳಿಗೆ, ಹಂಚಿಕೊಳ್ಳುವ ರುಬ್ಬುವ ಯಂತ್ರ, ಕೆಲಸದ ವರ್ಷಗಳನ್ನೇ ಜಾಮೀನಾಗಿ ಒಪ್ಪುವ ಸಹಕಾರಿ ಸಾಲ. ಸ್ಥಳೀಯ ಹೆಂಗಸರ ಸ್ವಸಹಾಯ ಸಂಘಗಳು ಮತ್ತು ಈ ಹುಡುಗರು ಒಂದೇ ಸಂಘದಲ್ಲಿ ಸದಸ್ಯರಾದರೆ ಒಬ್ಬರಿಗೆ ವಿಳಾಸವಿದೆ, ಇನ್ನೊಬ್ಬರಿಗೆ ಹೋಟೆಲಿನ ವೇಗವಿದೆ. ಇದರಿಂದ ಈಗಿರುವ ಮಾಲೀಕರಿಗೆ ಪೈಪೋಟಿ ಬರುತ್ತದೆ. ಬರಲಿ. ತಮ್ಮ ಹಿರಿಯರು ಹೀಗೇ ಬಂದವರೆಂದು ಅವರೇ ಭಾಷಣದಲ್ಲಿ ಹೇಳುತ್ತಾರೆ.

ಆದರೆ ನಾನು ಹೇಳಿದ ಯಾವುದರಲ್ಲೂ ನೇಪಾಳದ ಹುಡುಗನಿಗೆ ಜಾಗವಿಲ್ಲ. 1950ರ ಭಾರತ–ನೇಪಾಳ ಒಪ್ಪಂದದ ಪ್ರಕಾರ ಅವನು ಇಲ್ಲಿ ಇರಬಹುದು, ದುಡಿಯಬಹುದು, ವ್ಯಾಪಾರವನ್ನೂ ಮಾಡಬಹುದು. ಆದರೆ ಕೌಶಲ ಯೋಜನೆ ಭಾರತೀಯ ಪ್ರಜೆಗೆ, ಪಡಿತರ ಭಾರತೀಯ ಪ್ರಜೆಗೆ. ಬೈಲಕುಪ್ಪೆಯ ಟಿಬೆಟನ್ನನಿಗೆ 2014ರ ಪುನರ್ವಸತಿ ನೀತಿ ವ್ಯಾಪಾರ ಪರವಾನಗಿಯ ದಾರಿ ತೋರಿಸಿತು, ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ಉಳಿದ ನಿರಾಶ್ರಿತರ ಬಗ್ಗೆ ಭಾರತದಲ್ಲಿ ಪ್ರತ್ಯೇಕ ಕಾನೂನೇ ಇಲ್ಲ, 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗೆ ನಾವು ಸಹಿ ಹಾಕಿಲ್ಲ. ಸಂಘದ ಸದಸ್ಯತ್ವಕ್ಕೆ ಪೌರತ್ವವನ್ನಲ್ಲ, ಇಲ್ಲಿ ದುಡಿದ ವರ್ಷಗಳನ್ನು ಅಳತೆಗೋಲಾಗಿ ಇಡಬಹುದೇ ಎಂಬುದನ್ನು ಸಹಕಾರ ಇಲಾಖೆಯೂ ಕಾರ್ಮಿಕ ಇಲಾಖೆಯೂ ಕೂತು ತೀರ್ಮಾನಿಸಬೇಕಾದೀತು. ಅಲ್ಲಿಯವರೆಗೆ ಅಂಥವನಿಗೆ ಕೊಡುವ ಅಡುಗೆ ತರಬೇತಿಯ ಲಾಭ ಯಾರಿಗೆ ಎಂದು ಯೋಜನೆಯ ಮೊದಲ ಪುಟದಲ್ಲೇ ಬರೆದುಬಿಡಲಿ.